ಕತೆಯ ಫಲ ಯಾರ ಪಾಲಿಗೆ?

1

ಪರೀಕ್ಷೆಗೆ ಮುಂಚಿನ ವಾರ ಇಂಗ್ಲಿಷ್ ಕ್ಲಾಸಿನಲ್ಲಿ ಪಾಠ ನಡೆಯುವುದಿಲ್ಲ, ರಿವಿಷನ್ ನಡೆಯುತ್ತದೆ. ಮಲ್ಲತ್ತಹಳ್ಳಿಯಲ್ಲಿ ನಾನು ಪಾಠ ಹೇಳುವ ಕಾಲೇಜಿನಲ್ಲೂ ಅಷ್ಟೆ. ಬೋರ್ಡಿನ ಎಡಗಡೆ ಪಟ್ಟಿ: ಪ್ಲಾಟ್, ಸೆಟಿಂಗ್, ಕ್ಯಾರೆಕ್ಟರ್, ಕಾನ್‌ಫ್ಲಿಕ್ಟ್, ಐರನಿ, ಮೋಟಿಫ್, ಪಾಯಿಂಟ್ ಆಫ್ ವ್ಯೂ. ಬಲಗಡೆ ಒಂದು ಗುಡ್ಡ. ಗುಡ್ಡದ ಬುಡದಲ್ಲಿ ಎಕ್ಸ್‌ಪೊಸಿಷನ್, ಏರಿನಲ್ಲಿ ರೈಸಿಂಗ್ ಆಕ್ಷನ್, ನೆತ್ತಿಯಲ್ಲಿ ಕ್ಲೈಮ್ಯಾಕ್ಸ್, ಇಳಿಜಾರಿನಲ್ಲಿ ಫಾಲಿಂಗ್ ಆಕ್ಷನ್, ಆಚೆ ಬುಡದಲ್ಲಿ ರೆಸಲ್ಯೂಷನ್. ಕೆಂಗೇರಿ, ಉಲ್ಲಾಳು, ಸುಂಕದಕಟ್ಟೆ ಕಡೆಯಿಂದ ಬಸ್ಸು ಹಿಡಿದು ಬರುವ ಮಕ್ಕಳು ಅದನ್ನು ಸ್ಕೇಲಿಟ್ಟು ನೀಟಾಗಿ ಬರೆದುಕೊಳ್ಳುತ್ತಾರೆ. ನಾನೂ ಹಾಗೇ ಬರೆದುಕೊಂಡು ಪಾಸಾದವನು.

ಹೋದ ಸೆಮಿಸ್ಟರಿನ ಟೆಸ್ಟಿನಲ್ಲಿ ಒಂದು ಪ್ರಶ್ನೆ ಕೊಟ್ಟಿದ್ದೆ. ನಿಮ್ಮ ಮನೆಯಲ್ಲಿ ಕೇಳಿದ ಒಂದು ಕತೆಯನ್ನು ತೆಗೆದುಕೊಂಡು ಅದರ ಪ್ಲಾಟ್ ಡಯಾಗ್ರಾಂ ಬರೆಯಿರಿ, 10 ಅಂಕ. ಬಹಳಷ್ಟು ಮಂದಿ ಪುಣ್ಯಕೋಟಿಯನ್ನೋ ಸಿನಿಮಾ ಕತೆಯನ್ನೋ ಗುಡ್ಡಕ್ಕೆ ಹತ್ತಿಸಿ ಇಳಿಸಿದ್ದರು. ಮಾಗಡಿ ಕಡೆಯ ಒಂದು ಹುಡುಗಿ ಮಾತ್ರ ಗುಡ್ಡ ಬರೆದಿರಲಿಲ್ಲ. ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ ಗರಗಸದ ಹಲ್ಲಿನಂಥ ಗೆರೆ ಎಳೆದಿದ್ದಳು. ಸಣ್ಣ ಏರು, ಸಣ್ಣ ಇಳಿವು, ಮತ್ತೆ ಏರು, ಮತ್ತೆ ಇಳಿವು. ಹಾಳೆಯ ಅಂಚಿಗೆ ಬಂದು ಗೆರೆ ನಿಂತುಬಿಟ್ಟಿತ್ತು. ನಾನು ಕೆಂಪು ಇಂಕಿನಲ್ಲಿ ‘ಕ್ಲೈಮ್ಯಾಕ್ಸ್ ಎಲ್ಲಿ?’ ಅಂತ ಬರೆದು 3 ಅಂಕ ಕೊಟ್ಟೆ.

ಪೇಪರು ಕೊಟ್ಟ ದಿನ ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು.

“ಸಾರ್, ನಮ್ಮಜ್ಜಿ ಕತೇಲಿ ಗುಡ್ಡ ಇಲ್ಲ ಸಾರ್.”

“ಏನಮ್ಮ ಹಾಗಂದ್ರೆ? ಎಲ್ಲಾ ಕತೇಲೂ ಇರುತ್ತೆ.”

“ಇಲ್ಲ ಸಾರ್. ಅಜ್ಜಿ ಹಕ್ಕುಪತ್ರಕ್ಕೆ ಹೋಗ್ತಾರೆ, ಬರ್ತಾರೆ. ಮತ್ತೆ ಹೋಗ್ತಾರೆ. ಅಷ್ಟೇ ಕತೆ.”

ಕತೆ ಏನು ಅಂತ ಕೂರಿಸಿಕೊಂಡು ಕೇಳಿದೆ. ಅಜ್ಜಿ ಮದುವೆಯಾಗಿ ಬಂದ ಕಾಲದಿಂದ ಇರುವ ಗುಡಿಸಲಿನ ಜಾಗಕ್ಕೆ ಹಕ್ಕುಪತ್ರ ಆಗಿಲ್ಲ. ವರ್ಷಕ್ಕೊಂದು ಸಲ ಅರ್ಜಿ. ಒಂದು ವರ್ಷ ಸಾಹೇಬರು ಮೀಟಿಂಗಿಗೆ ಹೋಗಿರುತ್ತಾರೆ, ಒಂದು ವರ್ಷ ಸರ್ವೆ ಆಗಬೇಕು ಅನ್ನುತ್ತಾರೆ, ಇನ್ನೊಂದು ವರ್ಷ ಫೈಲೇ ಸಿಗುವುದಿಲ್ಲ. ಅಜ್ಜಿ ಅರ್ಜಿಯ ರಸೀತಿಗಳನ್ನೆಲ್ಲ ಟ್ರಂಕಿನಲ್ಲಿ ಇಟ್ಟಿದ್ದಾರೆ. ರಾತ್ರಿ ಊಟವಾದ ಮೇಲೆ ಒಂದೊಂದು ರಸೀತಿ ತೆಗೆದು ಆ ವರ್ಷದ ಗುಮಾಸ್ತನ ದನಿ, ಜವಾನನ ನಡಿಗೆ, ಸಾಹೇಬರ ಕೆಮ್ಮು ಎಲ್ಲವನ್ನೂ ಮಾಡಿ ತೋರಿಸುತ್ತಾರೆ. ಮನೆಯವರೆಲ್ಲ ಬಿದ್ದು ಬಿದ್ದು ನಗುತ್ತಾರೆ. ಯಾವ ರಸೀತಿ ಕೈಗೆ ಬಂದರೆ ಆವತ್ತು ಅಲ್ಲಿಂದ ಕತೆ ಶುರು.

ಇದನ್ನು ಕೇಳುವಾಗ ನಾನೂ ನಕ್ಕೆ. ಆಮೇಲೆ ನನ್ನ ಕೆಂಪು ಇಂಕಿನ ಪ್ರಶ್ನೆ ನನ್ನನ್ನೇ ತಿರುಗಿ ನೋಡತೊಡಗಿತು. ಆ ಅಜ್ಜಿಯನ್ನೇ ಎದುರಿಗೆ ಕೂರಿಸಿಕೊಂಡು ‘ಕ್ಲೈಮ್ಯಾಕ್ಸ್ ಎಲ್ಲಿ?’ ಅಂತ ಕೇಳುವುದು, ‘ನಿನ್ನ ಹಕ್ಕುಪತ್ರ ಎಲ್ಲಿ?’ ಅಂತ ಕೇಳಿದಂತೆಯೇ ಅಲ್ಲವೆ? ಕಚೇರಿ ಕೊಡದೆ ಹೋದದ್ದನ್ನು ಕತೆ ಕೊಡಲಿಲ್ಲ ಅಂತ ನಾನು 7 ಅಂಕ ಕಳೆದಿದ್ದೆ. ಈ ಬರಹ ಆ 7 ಅಂಕಗಳ ಕುರಿತದ್ದು.

2

ಮೊದಲು ಈ ಗುಡ್ಡದ ಮೂಲ ನೋಡೋಣ. 1863ರಲ್ಲಿ ಜರ್ಮನಿಯ ಗುಸ್ತಾವ್ ಫ್ರೈಟಾಗ್ ನಾಟಕದ ತಂತ್ರದ ಬಗ್ಗೆ ಒಂದು ಪುಸ್ತಕ ಬರೆದ. ಗ್ರೀಕ್ ನಾಟಕಗಳನ್ನೂ ಶೇಕ್ಸ್‌ಪಿಯರನನ್ನೂ ಇಟ್ಟುಕೊಂಡು ಐದಂಕದ ನಾಟಕದ ನಡೆಯನ್ನು ತ್ರಿಕೋನವಾಗಿ ತೋರಿಸಿದ. ಅವನು ಹೇಳಿದ್ದು ನಾಟಕಕ್ಕೆ, ಅದರಲ್ಲೂ ಗಂಭೀರ ನಾಟಕಕ್ಕೆ. ಪಠ್ಯಪುಸ್ತಕಗಳು ಆ ಅಂಗಿಯನ್ನು ಸಣ್ಣಕತೆಗೂ ತೊಡಿಸಿದವು, ಕಾದಂಬರಿಗೂ ತೊಡಿಸಿದವು. ಈಗ ಅಜ್ಜಿ ಕತೆಗೂ ತೊಡಿಸುತ್ತಿದ್ದೇವೆ. ತೋಳು ಉದ್ದವಾದರೆ ತಪ್ಪು ಅಂಗಿಯದಲ್ಲ, ತೋಳಿನದು ಅನ್ನುತ್ತಿದ್ದೇವೆ.

ಇದೇ ಫ್ರೈಟಾಗ್ 1855ರಲ್ಲಿ ‘ಜಮೆ–ಖರ್ಚು’ ಅನ್ನುವ ಅರ್ಥದ ಹೆಸರಿನ ಕಾದಂಬರಿಯೊಂದನ್ನು ಬರೆದಿದ್ದ. ಜರ್ಮನಿಯಲ್ಲಿ ಮನೆಮನೆಯವರೂ ಓದಿದ ಪುಸ್ತಕ ಅದು. ಅದರಲ್ಲಿ ಪ್ರಾಮಾಣಿಕ ಜರ್ಮನ್ ಹುಡುಗ ಮೇಲೇರುತ್ತಾನೆ, ದುರಾಸೆಯ ಯೆಹೂದಿ ಹುಡುಗ ನಾಶವಾಗುತ್ತಾನೆ. ಫ್ರೈಟಾಗ್ ಮುಂದೆ ಯೆಹೂದಿ ದ್ವೇಷದ ವಿರುದ್ಧವೂ ಬರೆದವನು. ಆದ್ದರಿಂದ ಅವನನ್ನು ಕಟಕಟೆಯಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ನಾನು ಗಮನಿಸುತ್ತಿರುವುದು ಇಷ್ಟೇ: ಅಚ್ಚುಕಟ್ಟಾದ ಕಥಾಬಂಧ ಒಂದು ಲೆಕ್ಕದ ಪುಸ್ತಕವೂ ಆಗಬಲ್ಲದು. ಯಾರ ಖಾತೆಗೆ ಜಮೆ, ಯಾರ ಖಾತೆಗೆ ಖರ್ಚು ಅಂತ ಅದು ಮೊದಲೇ ಬರೆದಿಟ್ಟಿರಬಲ್ಲದು.

ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಸಂಸ್ಕೃತ ಬಲ್ಲ ಹಿರಿಯ ಸಹೋದ್ಯೋಗಿಯೊಬ್ಬರು, “ಅದಕ್ಕೇ ಕಣಯ್ಯಾ ಹೊರಗಿನವರ ಹತ್ತಿರ ಹೋಗಬಾರದು ಅನ್ನೋದು. ನಮ್ಮಲ್ಲೇ ಪಂಚಸಂಧಿ ಇಲ್ಲವೆ?” ಅಂದರು. ಇದೆ. ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ಜೊತೆಗೆ ಐದು ಅವಸ್ಥೆಗಳು: ಪ್ರಾರಂಭ, ಪ್ರಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ. ಅವರ ಮಾತಿನ ಮೇಲೆ ನಾನು ಹೋಗಿ ಓದಿದೆ, ಅದಕ್ಕೆ ಅವರಿಗೆ ಋಣಿ. ಯಾಕೆಂದರೆ ಇಂಗ್ಲಿಷಿನ ಪದಗಳು ಮುಚ್ಚಿಟ್ಟುಕೊಂಡದ್ದನ್ನು ಸಂಸ್ಕೃತದ ಪದಗಳು ಬಾಯಿಬಿಟ್ಟು ಹೇಳುತ್ತವೆ.

ನಾಟ್ಯಶಾಸ್ತ್ರದಲ್ಲೂ ಅದನ್ನು ಅನುಸರಿಸಿದ ಧನಂಜಯನ ದಶರೂಪಕದಲ್ಲೂ ಕಥಾವಸ್ತು ಎರಡು ಬಗೆ. ಮುಖ್ಯವಾದದ್ದು ಆಧಿಕಾರಿಕ, ಉಳಿದದ್ದು ಪ್ರಾಸಂಗಿಕ. ಮುಖ್ಯವಾದದ್ದಕ್ಕೆ ಆಧಿಕಾರಿಕ ಅಂತ ಯಾಕೆ ಹೆಸರು? ದಶರೂಪಕದ ಪ್ರಕಾರ ಅಧಿಕಾರ ಅಂದರೆ ಫಲದ ಮೇಲಿನ ಒಡೆತನ. ಆ ಫಲಕ್ಕೆ ಒಡೆಯನಾದವನು ಅಧಿಕಾರಿ. ಅವನಿಗೆ ಸಂಬಂಧಿಸಿದ ಕತೆ ಆಧಿಕಾರಿಕ. ಇನ್ನೊಬ್ಬರ ಫಲಕ್ಕಾಗಿ ಬಂದು ಹೋಗುವ ಕತೆ ಪ್ರಾಸಂಗಿಕ.

ಗೆಳೆಯರೇ, ಇಷ್ಟು ಸ್ಪಷ್ಟವಾಗಿ ಯಾವ ಇಂಗ್ಲಿಷ್ ಗ್ಲಾಸರಿಯೂ ನನಗೆ ಹೇಳಿರಲಿಲ್ಲ. ಕತೆಯ ಆಕೃತಿಯ ಪ್ರಶ್ನೆ ಅಂದರೆ ಫಲದ ಮೇಲೆ ಯಾರಿಗೆ ಹಕ್ಕು ಅನ್ನುವ ಪ್ರಶ್ನೆ. ಹಕ್ಕುಪತ್ರ ಇದ್ದವನ ಕತೆ ಮುಖ್ಯಕತೆ, ಇಲ್ಲದವನ ಕತೆ ಉಪಕತೆ. ನಮ್ಮ ಜನ ಸಾಹಿತ್ಯದಲ್ಲಿ ಬಹುಕಾಲ ಬಂದದ್ದು ಹೀಗೆಯೇ. ನಾಯಕನ ಗದ್ದೆಯಲ್ಲಿ ಆಳಾಗಿ, ಅವನ ಉದಾರತೆಗೆ ಸಾಕ್ಷಿಯಾಗಿ, ಅವನ ಮನಃಪರಿವರ್ತನೆಗೆ ನಿಮಿತ್ತವಾಗಿ. ಪ್ರಾಸಂಗಿಕವಾಗಿ.

3

ಹಾಗಾದರೆ ಫಲದ ಅಧಿಕಾರ ಇಲ್ಲದವನು ತಾನೇ ಕತೆ ಹೇಳಲು ಕೂತರೆ ಏನಾಗುತ್ತದೆ? ಮೂರು ಪಠ್ಯಗಳನ್ನು ನೋಡೋಣ.

ಮೊದಲನೆಯದು ಅಂಬೇಡ್ಕರ್ ಅವರು ಇಂಗ್ಲಿಷಿನಲ್ಲಿ ಬರೆದ ‘ವೇಟಿಂಗ್ ಫಾರ್ ಎ ವೀಸಾ’. ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, 1990ರಲ್ಲಿ, ಪೀಪಲ್ಸ್ ಎಜುಕೇಷನ್ ಸೊಸೈಟಿ ಇದನ್ನು ಚಿಕ್ಕ ಪುಸ್ತಕವಾಗಿ ತಂದಿತು. ಇದನ್ನು ಆತ್ಮಕತೆಯ ತುಣುಕು ಅಂತ ಓದುವುದು ರೂಢಿ. ಆದರೆ ಆರಂಭದಲ್ಲೇ ಬಾಬಾಸಾಹೇಬರು ಒಬ್ಬ ವಿಮರ್ಶಕನ ಹಾಗೆ ಆಕೃತಿಯ ಪ್ರಶ್ನೆ ಎತ್ತುತ್ತಾರೆ. ಅಸ್ಪೃಶ್ಯತೆ ಅಂದರೇನು ಅಂತ ಹೊರದೇಶದವರಿಗೆ ತಿಳಿಸಲು ಎರಡು ದಾರಿ ಇವೆ. ಒಂದು, ಸಾಮಾನ್ಯ ವಿವರಣೆ ಕೊಡುವುದು. ಇನ್ನೊಂದು, ನಡೆದ ಪ್ರಕರಣಗಳನ್ನು ಮುಂದಿಡುವುದು. ಎರಡನೆಯದೇ ಹೆಚ್ಚು ಪರಿಣಾಮಕಾರಿ ಅಂತ ಆರಿಸಿಕೊಳ್ಳುತ್ತಾರೆ. ಅಂದರೆ ವಕೀಲರು ಮಂಡಿಸುವ ಹಾಗೆ ಒಂದಾದ ಮೇಲೊಂದು ಕೇಸು.

ಒಟ್ಟು ಆರು. 1901ರಲ್ಲಿ ಅಪ್ಪನನ್ನು ನೋಡಲು ಹೊರಟ ಮಕ್ಕಳು ಮಸೂರು ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಒಳ್ಳೆ ಬಟ್ಟೆ ಹಾಕಿದ್ದಾರೆ. ಜಾತಿ ತಿಳಿದ ಕೂಡಲೇ ಸ್ಟೇಷನ್ ಮಾಸ್ಟರ್ ಹಿಂದೆ ಸರಿಯುತ್ತಾನೆ. ಗಾಡಿಯವನು ದುಪ್ಪಟ್ಟು ಬಾಡಿಗೆ ತೆಗೆದುಕೊಳ್ಳುತ್ತಾನೆ, ಆದರೆ ಗಾಡಿ ಮಕ್ಕಳೇ ಹೊಡೆಯಬೇಕು, ತಾನು ನಡೆದು ಬರುತ್ತೇನೆ ಅನ್ನುವ ಕರಾರು. ರಾತ್ರಿ ಬುತ್ತಿಯಲ್ಲಿ ಊಟ ತುಂಬಿದೆ, ಕುಡಿಯಲು ನೀರಿಲ್ಲ. ಎರಡನೆಯದು, ವಿದೇಶದಲ್ಲಿ ಓದಿ ಬಂದ ಮೇಲೆ ಬರೋಡಾ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿ ವಸತಿಗೃಹದಲ್ಲಿ ಉಳಿದವರನ್ನು ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕುತ್ತದೆ. ಮೂರನೆಯದು 1929ರ ಚಾಳಿಸ್‌ಗಾಂವ್. ಟಾಂಗಾದವರು ಬರಲೊಪ್ಪುವುದಿಲ್ಲ. ಬಾಬಾಸಾಹೇಬರನ್ನು ನಡೆಸಿಕೊಂಡು ಹೋದರೆ ಮರ್ಯಾದೆಯಲ್ಲ ಅಂತ ನಮ್ಮವರೇ ಟಾಂಗಾ ಬಾಡಿಗೆಗೆ ತಂದು, ಹೊಡೆದು ಗೊತ್ತಿಲ್ಲದವನನ್ನು ಕೂರಿಸುತ್ತಾರೆ. ಅಪಘಾತವಾಗಿ ಅವರ ಕಾಲು ಮುರಿಯುತ್ತದೆ. ನಾಲ್ಕನೆಯದು 1934ರ ದೌಲತಾಬಾದ್ ಕೋಟೆ, ಅಲ್ಲಿನ ಕೊಳದ ನೀರು. ಐದು ಮತ್ತು ಆರರಲ್ಲಿ ಅವರೇ ಇಲ್ಲ. ಒಂದು, ಡಾಕ್ಟರು ಸರಿಯಾಗಿ ನೋಡದೆ ಹೆಂಡತಿಯನ್ನು ಕಳೆದುಕೊಂಡ ಶಾಲಾಮಾಸ್ತರನ ಕತೆ. ಇನ್ನೊಂದು, ತಲಾಟಿ ಕೆಲಸ ಸಿಕ್ಕ ಭಂಗಿ ಯುವಕನದು.

ಇದನ್ನು ಬೋರ್ಡಿನ ಗುಡ್ಡಕ್ಕೆ ಹೊಂದಿಸಲು ಹೋಗಿ. ಕ್ಲೈಮ್ಯಾಕ್ಸ್ ಯಾವುದು? ದೊಣ್ಣೆ ಹಿಡಿದವರ ಮುಂದೆ ವಿದ್ವಾಂಸ ಒಂಟಿಯಾಗಿ ನಿಂತದ್ದು ಅನ್ನೋಣವೆಂದರೆ ಅದು ಎರಡನೆಯದು, ಅದಾದ ಮೇಲೆ ಇನ್ನೂ ನಾಲ್ಕಿವೆ. ನಾಯಕ ಯಾರು? ಕೊನೆಯ ಎರಡರಲ್ಲಿ ನಾಯಕ ಕತೆ ಬಿಟ್ಟು ಪಕ್ಕಕ್ಕೆ ಸರಿದು, ತನ್ನ ಜಾಗದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿದ್ದಾನೆ. ಪರಿಹಾರ? ಹೆಸರಿನಲ್ಲೇ ಕಾಯುವಿಕೆ ಇದೆ, ಒಳಗೆ ಪರವಾನಗಿ ಸಿಕ್ಕ ದೃಶ್ಯ ಎಲ್ಲೂ ಇಲ್ಲ. ಓದಿನಿಂದ, ಪದವಿಯಿಂದ, ಕೆಲಸದಿಂದ ಕತೆ ಮೇಲೇರುತ್ತದೆ ಅಂತ ಓದುಗ ಪ್ರತಿ ಸಲ ಅಂದುಕೊಳ್ಳುತ್ತಾನೆ. ಪ್ರತಿ ಸಲವೂ ಮುಂದಿನ ಪ್ರಕರಣ ಅವನನ್ನು ಮೊದಲಿನ ಜಾಗಕ್ಕೇ ತಂದಿಳಿಸುತ್ತದೆ. ಗರಗಸದ ಹಲ್ಲು.

ಹಾಗಂತ ಇದು ಬರೀ ದಾಖಲೆ, ಇದರಲ್ಲಿ ಕಟ್ಟು ಇಲ್ಲ ಅನ್ನುವಂತಿಲ್ಲ. 1901ರ ಗಾಡಿ 28 ವರ್ಷಗಳ ನಂತರ ಟಾಂಗಾ ಆಗಿ ಬರುತ್ತದೆ. ಎರಡು ಸಲವೂ ಹೊಡೆಯಬೇಕಾದವನು ಹೊಡೆಯುವುದಿಲ್ಲ, ಹೊಡೆಯಲು ಬಾರದವರು ಹೊಡೆಯಬೇಕು. ದಾರಿಯಲ್ಲಿ ಸಿಗದ ನೀರು ಶಾಲೆಯ ನಲ್ಲಿಯಾಗಿ, ಕೋಟೆಯ ಕೊಳವಾಗಿ ಮರಳುತ್ತದೆ. ಬೋರ್ಡಿನ ಎಡಗಡೆಯ ಪಟ್ಟಿಯಲ್ಲಿ ಇದಕ್ಕೆ ಹೆಸರಿದೆ, ಮೋಟಿಫ್. ಊಟ ಇದ್ದೂ ಹಸಿದು ಮಲಗುವುದಕ್ಕೂ ಹೆಸರಿದೆ, ಐರನಿ. ಅಂದರೆ ಪದಗಳೆಲ್ಲ ಕೆಟ್ಟವಲ್ಲ. ಕೆಲವು ನಮ್ಮ ಕೈಗೆ ಬರುತ್ತವೆ, ಗುಡ್ಡ ಬರುವುದಿಲ್ಲ.

4

ಎರಡನೆಯದು ಸಿದ್ದಲಿಂಗಯ್ಯನವರ ‘ಊರು–ಕೇರಿ’. ಅವರು ಮಾಗಡಿ ತಾಲೂಕಿನ ಮಂಚನಬೆಲೆಯವರು. ಆ ಆತ್ಮಕತೆಯ ಮೊದಲಲ್ಲೇ ಒಂದು ಚಿತ್ರವಿದೆ. ಇಬ್ಬರು ಗಂಡಸರು ಎತ್ತುಗಳ ಹಾಗೆ ನೊಗಕ್ಕೆ ಹೆಗಲು ಕೊಟ್ಟು ಎಳೆಯುತ್ತಿದ್ದಾರೆ, ಇನ್ನೊಬ್ಬ ಹಿಂದಿನಿಂದ ಉಳುತ್ತಿದ್ದಾನೆ. ನೋಡುತ್ತಿರುವ ಹುಡುಗನ ಅಪ್ಪನೇ ಆ ಇಬ್ಬರಲ್ಲಿ ಒಬ್ಬ. ನನ್ನ ಬೋರ್ಡಿನ ಲೆಕ್ಕದಲ್ಲಿ ಇದು ಗುಡ್ಡದ ನೆತ್ತಿಗೆ ಹೋಗಬೇಕಾದ ದೃಶ್ಯ. ಲೇಖಕ ಇದನ್ನು ಕಾದಿಟ್ಟು, ಹದ ಮಾಡಿ, ಕೊನೆಯಲ್ಲಿ ಸಿಡಿಸಬೇಕಿತ್ತು. ಅವರು ಬಾಗಿಲಲ್ಲೇ ಇಟ್ಟುಬಿಟ್ಟಿದ್ದಾರೆ. ಆಮೇಲೆ ಪುಸ್ತಕ ತುಂಬ ನಗು, ಪವಾಡ, ದೆವ್ವ, ಹಾಸ್ಟೆಲಿನ ತುಂಟಾಟ. ನೊಗದ ಚಿತ್ರ ಎಲ್ಲೂ ಕರಗುವುದಿಲ್ಲ. ನಗುವಿನ ಅಡಿಯಲ್ಲಿ ಹಾಗೇ ಇರುತ್ತದೆ. ಟ್ರಂಕಿನಲ್ಲಿ ರಸೀತಿ ಇಟ್ಟುಕೊಂಡು ನಗಿಸುವ ಅಜ್ಜಿಯ ಕತೆಗೂ ಇದಕ್ಕೂ ಇರುವ ನಂಟು ನನಗೆ ಕಾಣುವುದು ಇಲ್ಲಿ. ಈ ನಗುವನ್ನು ಹೋರಾಟದ ಕಾವು ಇಳಿದ ಲಕ್ಷಣ ಅಂತ ಓದಿದವರೂ ಇದ್ದಾರೆ. ಕೇಳಿಸಿಕೊಂಡದ್ದು ಕಡಿಮೆಯಾಯಿತು ಅಂತ ನನಗನ್ನಿಸುತ್ತದೆ.

ಮೂರನೆಯದು ದೇವನೂರ ಮಹಾದೇವರ ‘ಒಡಲಾಳ’. ಸಾಕವ್ವನ ಹುಂಜ ಕಳೆದಿದೆ, ಅವಳು ಹುಡುಕುತ್ತಾಳೆ. ಇದು ಮುಖ್ಯಕತೆ ಅಂತ ಓದುಗ ಹಿಡಿದುಕೊಂಡರೆ ನಡುವೆ ರಾತ್ರಿಯಾಗುತ್ತದೆ. ಸಾವುಕಾರನ ಕಡಲೆಕಾಯಿ ಗುಡಿಸಲಿಗೆ ಬರುತ್ತದೆ. ಮನೆಮಂದಿಯೆಲ್ಲ ಸುತ್ತ ಕೂತು ಬೆಳಗಾಗುವುದರೊಳಗೆ ತಿಂದು ಮುಗಿಸುತ್ತಾರೆ, ಸಿಪ್ಪೆಯೂ ಉಳಿಯುವುದಿಲ್ಲ. ಗೋಡೆಯ ಮೇಲೆ ಪುಟ್ಟಗೌರಿ ಬರೆದ ನವಿಲು. ಆಮೇಲೆ ಪೊಲೀಸರು ಬಂದು ಗುಡಿಸಲನ್ನು ತಲೆಕೆಳಗು ಮಾಡಿ ಹುಡುಕುತ್ತಾರೆ.

ಪೊಲೀಸರು ಬರುವುದೇ ಕ್ಲೈಮ್ಯಾಕ್ಸ್ ಅಂತ ಗೈಡುಗಳು ಬರೆಯಬಹುದು. ಆದರೆ ಅವರು ಬರುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿದೆ. ಹಸಿದ ಒಂದು ಮನೆ ಒಂದು ರಾತ್ರಿ ಹೊಟ್ಟೆ ತುಂಬ ತಿಂದಿದೆ. ಕತೆಯ ಎತ್ತರ ಇರುವುದು ಆ ತಿನ್ನುವಿಕೆಯಲ್ಲಿ, ಬೆಂಕಿಯ ಸುತ್ತಲಿನ ಮಾತಿನಲ್ಲಿ. ಶಾಸ್ತ್ರದ ಪದ ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಫಲಾಗಮ ಆಗಿದೆ, ಫಲ ಕಡಲೆಕಾಯಿ. ಆದರೆ ಆ ಫಲದ ಮೇಲೆ ಕಾನೂನಿನ ಒಡೆತನ ಇನ್ನೊಬ್ಬನದು. ಆದ್ದರಿಂದ ಫಲ ದಕ್ಕಿದ ಗುರುತನ್ನೇ ಅಳಿಸಬೇಕು. ನಾಯಕನಿಗೆ ಫಲ ಸಿಕ್ಕರೆ ಶಾಸ್ತ್ರದ ನಾಟಕದಲ್ಲಿ ಎಲ್ಲರೆದುರು ಹಬ್ಬ. ಇಲ್ಲಿ ಸಿಪ್ಪೆಯೂ ಉಳಿಯಬಾರದು. ದಲಿತ ಕತೆಯ ಮುಕ್ತಾಯ ಹಲವು ಸಲ ಏನೂ ಆಗಿಲ್ಲವೇನೋ ಅನ್ನುವಂತೆ ಕಾಣುವುದಕ್ಕೆ ಇದು ಒಂದು ಕಾರಣ. ಆಗಿದೆ, ಅಳಿಸಲಾಗಿದೆ. ವಿಮರ್ಶಕ ಪೊಲೀಸಿನವನ ಹಾಗೆ ಹುಡುಕಿದರೆ ಅವನಿಗೂ ಏನೂ ಸಿಗುವುದಿಲ್ಲ.

5

ಇಲ್ಲಿ ಎರಡು ಆಕ್ಷೇಪಣೆಗಳಿಗೆ ಉತ್ತರಿಸಬೇಕು.

ಶಿಖರವಿಲ್ಲದ ಕತೆಗಳನ್ನು ಚೆಕಾಫ್ ಕೂಡ ಬರೆದಿದ್ದಾನೆ, ಇದರಲ್ಲಿ ದಲಿತರದ್ದೇನು ವಿಶೇಷ ಅಂತ ಕೇಳಬಹುದು. ನಿಜ. ಗರಗಸದ ಗೆರೆ ನಮ್ಮ ಜಾತಿಗೆ ಹುಟ್ಟಿನಿಂದ ಬಂದದ್ದು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಗುಡ್ಡದ ಬದಲು ಗರಗಸವನ್ನು ಬೋರ್ಡಿಗೇರಿಸಿ, ನಾಳೆ ಗುಡ್ಡ ಬರೆದ ದಲಿತ ಹುಡುಗನ ಅಂಕ ಕಳೆಯಬೇಕಾಗುತ್ತದೆ. ನಾನು ಹೇಳುವುದು ಇಷ್ಟು: ಆಕೃತಿಯನ್ನು ಗುರುತಿಸುವ ಮೊದಲು ಈ ಕತೆಯಲ್ಲಿ ಫಲದ ಹಕ್ಕು ಯಾರದು ಅಂತ ಕೇಳಬೇಕು. ಕಾನ್‌ಫ್ಲಿಕ್ಟ್ ಅಂದಾಗ ಇಬ್ಬರು ಸಮಾನರ ಜಗಳವೋ, ಗಾಡಿ ಹೊಡೆಯಲು ಒಪ್ಪದವನ ಹಿಂದೆ ನಿಂತ ಇಡೀ ವ್ಯವಸ್ಥೆಯೋ ಅಂತ ಕೇಳಬೇಕು. ಸೆಟಿಂಗ್ ಅಂದರೆ ಹಿನ್ನೆಲೆ ಅಂತ ಬರೆಸುತ್ತೇವೆ. ಊರು ಮತ್ತು ಕೇರಿಯ ನಡುವಿನ ಜಾಗ ಹಿನ್ನೆಲೆಯಲ್ಲ, ಅದೇ ಕತೆಯನ್ನು ನಡೆಸುತ್ತಿರುವುದು. ಇ. ಎಂ. ಫಾಸ್ಟರ್ 1927ರಲ್ಲಿ ಕತೆಗೂ ಪ್ಲಾಟಿಗೂ ಇರುವ ವ್ಯತ್ಯಾಸ ಹೇಳಲು ರಾಜ–ರಾಣಿಯರ ಸಾವಿನ ಉದಾಹರಣೆ ಕೊಟ್ಟ. ಸಾವಿಗೆ ಕಾರಣ ಸೇರಿದರೆ ಪ್ಲಾಟ್. ರಾಣಿಗೆ ಕಾರಣ ಅವಳ ಎದೆಯೊಳಗೇ ಇದೆ, ದುಃಖ. ಮಸೂರಿನಲ್ಲಿ ಬಾಯಾರಿದ ಮಕ್ಕಳಿಗೆ ಕಾರಣ ಅವರೊಳಗಿಲ್ಲ. ಅವರು ಹುಟ್ಟುವ ಮೊದಲೇ ಅದು ಅಲ್ಲಿತ್ತು.

ಎರಡನೆಯ ಆಕ್ಷೇಪಣೆ ಚಳವಳಿಯ ಗೆಳೆಯರದು. “ಈ ಪರಿಭಾಷೆ ಎಲ್ಲಾ ಯಾಕಯ್ಯಾ, ತಿಪ್ಪೆಗೆಸಿ. ನಮ್ಮ ಜನಕ್ಕೆ ನಮ್ಮ ಭಾಷೆ ಸಾಕು.” ಈ ಮಾತಿನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ 1973ರ ನವೆಂಬರನ್ನು ಮರೆಯಬಾರದು. ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು, ಇಂಗ್ಲಿಷ್ ಕಲಿಯಿರಿ ಅಂದರು. ಅದಕ್ಕಾಗಿ ಮಂತ್ರಿ ಪದವಿ ಹೋಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಅವರ ಮಾತನ್ನು ಸಾಹಿತ್ಯದ ಬಗೆಗಿನ ಮಾತಾಗಿ ಎಷ್ಟು ಜನ ಓದಿದರು? ಕೆಳಗಿನ ಜಾತಿಯವನೊಬ್ಬ ಅಂಕ ಹಾಕುವ ಜಾಗದಲ್ಲಿ ನಿಂತ ಅನ್ನುವುದೇ ಗಲಾಟೆಯ ಮೂಲ ಅಂತ ನನಗನ್ನಿಸುತ್ತದೆ. ಕಾಳು ಯಾವುದು, ಬೂಸಾ ಯಾವುದು ಅಂತ ಹೇಳುವ ಹಕ್ಕೂ ಒಂದು ಫಲವೇ. ಇಂಗ್ಲಿಷಿನ ಪರಿಭಾಷೆಯನ್ನು ತಿಪ್ಪೆಗೆಸೆದರೆ ಅದನ್ನು ಎತ್ತಿಕೊಂಡು ಒರೆಸಿ ಇಟ್ಟುಕೊಳ್ಳುವವರು ಬೇರೆಯವರು. ನಾಳೆ ನಮ್ಮ ಮಕ್ಕಳ ಪೇಪರು ತಿದ್ದುವವರೂ ಅವರೇ. ಬಾಬಾಸಾಹೇಬರು ಪ್ರಕರಣ ಅನ್ನುವ ಪದವನ್ನು ಕೋರ್ಟಿನಿಂದ ತಂದು ಕತೆ ಹೇಳಲು ಬಳಸಿದರು. ಆ ದಾರಿ ನಮಗೆ ಬೇಕು.

6

ಮಲ್ಲತ್ತಹಳ್ಳಿಯಲ್ಲಿ ಅಂಬೇಡ್ಕರ್ ಹೆಸರಿನ ಇಂಜಿನಿಯರಿಂಗ್ ಕಾಲೇಜಿದೆ, ಕೆರೆಯಿದೆ, ಕಲಾಗ್ರಾಮವಿದೆ. ಜಿ. ಎಸ್. ಶಿವರುದ್ರಪ್ಪ, ಅನಂತಮೂರ್ತಿ ಇವರ ಅಂತ್ಯಕ್ರಿಯೆ ನಡೆದದ್ದು ಕಲಾಗ್ರಾಮದಲ್ಲಿ. 2021ರ ಜೂನಿನಲ್ಲಿ ಕೋವಿಡ್ಡಿನ ನಡುವೆ ಸಿದ್ದಲಿಂಗಯ್ಯನವರನ್ನೂ ಅಲ್ಲಿಗೇ ತಂದರು. ನೊಗಕ್ಕೆ ಹೆಗಲು ಕೊಟ್ಟವನ ಮಗನಿಗೆ ಸರ್ಕಾರಿ ಗೌರವ. ಗುಡ್ಡದ ಚಿತ್ರ ಬರೆಯುವವರಿಗೆ ಇದೊಂದು ಒಳ್ಳೆಯ ರೆಸಲ್ಯೂಷನ್ ಆಗಿ ಕಾಣಬಹುದು. ಆದರೆ ಅದೇ ಮಾಗಡಿ ಕಡೆಯಿಂದ ಬರುವ ಹುಡುಗಿಯ ಅಜ್ಜಿ ಈ ವರ್ಷವೂ ಅರ್ಜಿ ಕೊಟ್ಟಿದ್ದಾರೆ. ಒಂದು ರಸೀತಿ ಹೆಚ್ಚಾಗಿದೆ.

ನಾನು ಅವಳ ಪೇಪರು ವಾಪಸು ತರಿಸಿಕೊಂಡು 3ನ್ನು ಹೊಡೆದುಹಾಕಿ 9 ಬರೆದೆ. ಒಂದು ಅಂಕ ಸ್ಪೆಲ್ಲಿಂಗಿಗೆ ಕಳೆದೆ. ಅವಳು ಪೇಪರು ನೋಡಿ ಖುಷಿಪಡಲಿಲ್ಲ.

“ಯೂನಿವರ್ಸಿಟಿ ಪರೀಕ್ಷೇಲಿ ಯಾವ್ದು ಬರೀಲಿ ಸಾರ್? ಅಲ್ಲಿ ತಿದ್ದೋರು ನೀವಲ್ವಲ್ಲ.”

ಸ್ವಲ್ಪ ಹೊತ್ತು ನನಗೆ ಮಾತು ಹೊರಡಲಿಲ್ಲ. ಆಮೇಲೆ ಅಂದೆ: “ಮೊದಲು ಗುಡ್ಡ ಬರಿ, ಅವರು ಕೇಳಿದ ಹೆಸರುಗಳನ್ನೆಲ್ಲ ಸರಿಯಾಗಿ ಬರಿ. ಅದರ ಕೆಳಗೆ ನಿನ್ನ ಗೆರೆ ಎಳಿ. ಈ ಕತೆ ಆ ಗುಡ್ಡಕ್ಕೆ ಯಾಕೆ ಹತ್ತಲ್ಲ ಅಂತ ಎರಡು ವಾಕ್ಯ ಇಂಗ್ಲಿಷಲ್ಲಿ ಬರಿ.”

“ನಾವು ಎರಡೆರಡು ಉತ್ತರ ಬರೀಬೇಕಾ ಸಾರ್?” ಅಂದಳು.

ಹೌದು, ಸದ್ಯಕ್ಕೆ ಎರಡೆರಡು ಬರೆಯಬೇಕು. ಇದು ನ್ಯಾಯವಲ್ಲ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ಮೂರು ಗಂಟೆಯ ಪರೀಕ್ಷೆಯಲ್ಲಿ ಅವಳ ಪಕ್ಕದ ಬೆಂಚಿನವನಿಗೆ ಒಂದು ಗುಡ್ಡ ಸಾಕು, ಅವಳಿಗೆ ಗುಡ್ಡವೂ ಬೇಕು, ಗರಗಸವೂ ಬೇಕು. ದಲಿತ ವಿಮರ್ಶೆಯ ಕೆಲಸ ಏನು ಅಂತ ಈ ಸಂಚಿಕೆ ಕೇಳುತ್ತಿದೆ. ಆ ಎರಡನೆಯ ಉತ್ತರಕ್ಕೂ ಅಂಕ ಹಾಕಬಲ್ಲ ಕಣ್ಣುಗಳನ್ನು ತಯಾರು ಮಾಡುವುದು ಅದರ ಮೊದಲ ಕೆಲಸ ಅಂತ ನಾನು ತಿಳಿದಿದ್ದೇನೆ. ನಾಳೆಯ ರಿವಿಷನ್ನಿಗೆ ಬೋರ್ಡಿನ ಮೇಲೆ ಎರಡು ಚಿತ್ರ ಬರೆಯುತ್ತೇನೆ. ನಡುವೆ ಒಂದು ಪ್ರಶ್ನೆ: ಫಲ ಯಾರ ಪಾಲಿಗೆ?